ತೊಳೆದಿಟ್ಟ ತಟ್ಟೆ

ಏಪ್ರಿಲ್ 18, 2021, ಭಾನುವಾರ

ಬೆಳಿಗ್ಗೆ ಕೆ.ಆರ್. ಪುರದಿಂದ ಮೈದುನ ಆದಿನಾರಾಯಣ ಫೋನ್ ಮಾಡಿದ್ದ.

"ಅತ್ತಿಗೆ, ಕೊರೊನಾ ವಾರ್ಡಿನ ನರ್ಸನ್ನ ಮನೇಲಿಟ್ಕೊಂಡಿದ್ದೀರ. ನಿಮಗೆ ಶುಗರ್ ಬೇರೆ. ಇದೆಲ್ಲ ಮುಗಿಯೋವರೆಗೂ ಬೃಂದಾ ಆಸ್ಪತ್ರೆ ಹಾಸ್ಟೆಲ್ಲಲ್ಲೇ ಇದ್ರೆ ಆಗಲ್ವಾ?" ಅಂದ.

"ನಿನ್ನ ಹೆಂಡತಿ ಟೀವಿ ಮುಂದಿಂದ ಎದ್ದು ಎಷ್ಟು ದಿನ ಆಯ್ತು? ಮೊದಲು ಅವಳನ್ನ ಹಾಸ್ಟೆಲ್ಲಿಗೆ ಸೇರಿಸು. ಆಮೇಲೆ ನನ್ನ ಸೊಸೆ ವಿಚಾರ ಮಾತಾಡು" ಅಂದೆ. ಫೋನ್ ಇಟ್ಟ.

ಹಲಸೂರಿನ ಈ ಬೀದಿಯಲ್ಲಿ ಎಷ್ಟು ಮನೆಗಳಿವೆ. ಒಂದು ಮನೆಯಿಂದಲಾದರೂ ಈಗ ಆಸ್ಪತ್ರೆ ಬಾಗಿಲಿನ ಒಳಗೆ ಹೋಗುವವರಿದ್ದಾರಾ? ನಮ್ಮ ಮನೆಯಿಂದ ಹೋಗುತ್ತಾಳೆ. ಶಿವಾಜಿನಗರದ ಆಸ್ಪತ್ರೆಯಿಂದ ಅವಳ ವ್ಯಾನು ಬಂದು ಹಾರ್ನ್ ಹೊಡೆದಾಗ ನಾನು ಬೇಕೆಂದೇ ಬಾಗಿಲಿಗೆ ಬಂದು ನಿಲ್ಲುತ್ತೇನೆ. ನೋಡುವವರು ನೋಡಲಿ.

ಬೃಂದಾ ತಾನಾಗಿಯೇ ಮಹಡಿ ಮೇಲಿನ ಖಾಲಿ ರೂಮಿಗೆ ಹೋದಳು. ನಿಯಮ ಮಾಡಿದವಳು ನಾನು. ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು. ನಾನು ತಟ್ಟೆ ಇಟ್ಟು ಕೆಳಗೆ ಬಂದ ಮೇಲೆ ಅವಳು ಬಂದು ತೆಗೆದುಕೊಳ್ಳಬೇಕು. ಉಂಡು, ತೊಳೆದು, ಅಲ್ಲೇ ಇಡಬೇಕು. ಮುತ್ತುರಾಜ ಗಂಡನಾದರೂ ಸರಿ, ಕೆಳಗಿನ ಮೆಟ್ಟಿಲಲ್ಲಿ ನಿಂತೇ ಮಾತಾಡಬೇಕು. ಬೆಸ್ಕಾಂನಲ್ಲಿ ಕರೆಂಟು ಕಂಬ ಹತ್ತುವವನಿಗೆ ದೂರ ನಿಲ್ಲುವುದನ್ನು ಹೇಳಿಕೊಡಬೇಕಾಯಿತು.

ಏಪ್ರಿಲ್ 22, ಗುರುವಾರ

ನಮ್ಮತ್ತೆ ಹೇಳುತ್ತಿದ್ದರು, ಮನುಷ್ಯರ ಒಳಗನ್ನು ತಿಳಿಯಬೇಕಾದರೆ ಮುಖ ನೋಡಬೇಡ, ತಟ್ಟೆ ನೋಡು ಅಂತ. ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಬಿಡುವ ಪದ್ಧತಿ ಇಲ್ಲ. ನಮ್ಮವರು ಇದ್ದಾಗ, ಅವರ ಫ್ಯಾಕ್ಟರಿ ಮುಚ್ಚಿದ ದಿನವೂ ಮನೆಗೆ ಬಂದು ಎರಡು ಮುದ್ದೆ ಉಂಡು ಎದ್ದರು. ಅವತ್ತೇ ನನಗೆ ಧೈರ್ಯ ಬಂತು.

ಬೃಂದಾಳ ತಟ್ಟೆ ದಿನಾ ಕನ್ನಡಿಯ ಹಾಗೆ ಬರುತ್ತಿದೆ. ಇವತ್ತು ಮೇಲಿಂದಲೇ ಕೂಗಿ, "ಅತ್ತೆ, ನಾಳೆಯಿಂದ ಫ್ಲಾಸ್ಕಲ್ಲಿ ಅಂಬಲಿ ಹಾಕಿಕೊಡ್ತೀರಾ? ಸ್ವಲ್ಪ ಜಾಸ್ತೀನೇ ಇರಲಿ" ಅಂದಳು. ದುಡಿಯುವ ಮೈಗೆ ಹಸಿವು. ರಾಗಿ ಹಿಟ್ಟನ್ನು ರಾತ್ರಿಯೇ ಕಲಸಿ ಇಟ್ಟೆ.

ಏಪ್ರಿಲ್ 28, ಬುಧವಾರ

ಎಲ್ಲಾ ಬಂದ್. ಹಳೇ ಮದ್ರಾಸು ರಸ್ತೆಯಲ್ಲಿ ಆಂಬುಲೆನ್ಸ್ ಬಿಟ್ಟರೆ ಬೇರೆ ಸದ್ದಿಲ್ಲ. ಕಲ್ಪಳ್ಳಿ ಸ್ಮಶಾನದ ಕಡೆಗೆ ಹೋಗುವವೇ ಹೆಚ್ಚು. ಹೋಟೆಲುಗಳು ಮುಚ್ಚಿ ಬೀದಿ ನಾಯಿಗಳು ಮೂಳೆ ಚಕ್ಕಳವಾಗಿವೆ. ನಮ್ಮ ಹಿಂದಿನ ಸಂದಿಯಲ್ಲಿ ಮಲಗುವ ಕೆಂಚನೂ ಬಾಲ ಅಲ್ಲಾಡಿಸಲು ಶಕ್ತಿಯಿಲ್ಲದೆ ಬಿದ್ದಿದ್ದಾನೆ.

ಬೃಂದಾ ಎರಡು ಪಾಳಿ ಸೇರಿಸಿ ಮಾಡಿ ಬಂದಳು. ಮುಖದ ಮೇಲೆ ಮಾಸ್ಕಿನ ಗೆರೆ ಬರೆ ಹಾಕಿದ ಹಾಗಿತ್ತು. "ಸುಸ್ತಾ?" ಅಂತ ಕೆಳಗಿಂದ ಕೇಳಿದೆ. "ಇಲ್ಲ ಅತ್ತೆ" ಅಂದಳು. ಅದು ಉತ್ತರ ಅಂದರೆ.

ಮೇ 3, ಸೋಮವಾರ

ಅಂಬಲಿ ಬೇಡವಂತೆ. ಫ್ಲಾಸ್ಕನ್ನು ತೊಳೆದು, ಬೋರಲು ಹಾಕಿ, ಸ್ಟೂಲಿನ ಮೇಲೆ ಇಟ್ಟಿದ್ದಳು. "ಯಾಕೆ, ಹುಳಿ ಬಂದಿತ್ತಾ?" ಅಂದೆ. "ಇಲ್ಲ. ಇನ್ನು ಬೇಡ" ಅಂದಳು. ಬಾಗಿಲು ಹಾಕಿಕೊಂಡಳು.

ಬಿಸಿಲಿಗೆ ಬಾಯಿ ಕೆಟ್ಟಿರಬಹುದು. ತಟ್ಟೆಯಂತೂ ಎಂದಿನಂತೆ ಥಳಥಳ.

ಮೇ 12, ಬುಧವಾರ

ಇವತ್ತು ನರ್ಸುಗಳ ದಿನವಂತೆ. ಮುತ್ತುರಾಜ ಹೇಳಿದ. ಹಬ್ಬಕ್ಕೆ ತಂದ ಬೇಳೆ ಉಳಿದಿತ್ತು. ಹೋಳಿಗೆ ಮಾಡಿದೆ. ಬಾಗಿಲ ಮುಂದೆ ಸಗಣಿ ಸಾರಿಸಿ ದೊಡ್ಡ ರಂಗೋಲಿ ಬಿಟ್ಟು, ನಡುವೆ "ನಮ್ಮ ಬೃಂದಾ" ಅಂತ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಅಕ್ಷರಕ್ಕೆ ಮೇಷ್ಟ್ರು ಬಹುಮಾನ ಕೊಟ್ಟಿದ್ದರು, ಅದು ಇವತ್ತು ಉಪಯೋಗಕ್ಕೆ ಬಂತು. ಎದುರು ಮನೆಯವರು ಮಹಡಿಯಿಂದ ಫೋಟೋ ತೆಗೆದರು. ಅವಳು ವ್ಯಾನಿನಿಂದ ಇಳಿದಾಗ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೇ ಹೇಳಿಟ್ಟಿದ್ದೆ.

ಬೃಂದಾ ರಂಗೋಲಿಯನ್ನು ನೋಡಿದಳು. ಆಮೇಲೆ ಗೋಡೆಗೆ ಅಂಟಿಕೊಂಡು ಪಕ್ಕದಿಂದ ಒಳಗೆ ಹೋದಳು. ತನ್ನ ಹೆಸರನ್ನೂ ತುಳಿಯದ ಹುಡುಗಿ. ಸಂಸ್ಕಾರ ಅಂದರೆ ಇದು.

ಎರಡು ಹೋಳಿಗೆ ಇಟ್ಟಿದ್ದೆ. ತಟ್ಟೆಯಲ್ಲಿ ತುಪ್ಪದ ಜಿಡ್ಡೂ ಇರಲಿಲ್ಲ.

ಮೇ 17, ಸೋಮವಾರ

ಮುತ್ತುರಾಜನ ಜೊತೆ ಮಾತಿಗೆ ಮಾತು ಬೆಳೆಯಿತು.

"ಅಮ್ಮಾ, ಬೃಂದಾಗೆ ಏನೋ ಆಗಿದೆ. ಫೋನಲ್ಲೂ ಮಾತಾಡ್ತಿಲ್ಲ. ನಿನ್ನೆ ಬಂದವಳು ಮೆಟ್ಟಿಲ ಮೇಲೇ ಕೂತ್ಬಿಟ್ಳು. ಕರೆದ್ರೂ ಕೇಳಿಸ್ಲಿಲ್ಲ. ಕೈ ನೋಡಿದ್ದೀಯಾ? ತೊಳೆದು ತೊಳೆದು ರಕ್ತ ಬಂದಿದೆ."

"ನರ್ಸು ಕೈ ತೊಳೀದೆ ಇನ್ಯಾರು ತೊಳೀತಾರೆ?"

"ಬಿಟ್ಟುಬಿಡು ಅಂತ ಹೇಳ್ಲಾ? ಕೆಲ್ಸ ಹೋದ್ರೆ ಹೋಗ್ಲಿ."

ನನಗೆ ಸಿಟ್ಟು ಬಂತು. "ಅವಳು ಊಟ ಮಾಡ್ತಿದ್ದಾಳೆ. ದಿನಾ ತಟ್ಟೆ ನೋಡೋಳು ನಾನು. ಉಣ್ಣೋರಿಗೆ ಏನೂ ಆಗಲ್ಲ. ನಿನ್ನ ಪುಕ್ಕಲುತನಾನ ಅವಳಿಗೆ ಅಂಟಿಸಬೇಡ" ಅಂದೆ. ಹೆಲ್ಮೆಟ್ ತೆಗೆದುಕೊಂಡು ಡ್ಯೂಟಿಗೆ ಹೋದ.

ಗಂಡಸರು ಬೇಗ ಕುಗ್ಗುತ್ತಾರೆ. ನಮ್ಮ ಮನೆಯ ಹೆಣ್ಣುಮಕ್ಕಳು ಹಾಗಲ್ಲ.

ಮೇ 21, ಶುಕ್ರವಾರ

ಬರೆಯುವುದೋ ಬೇಡವೋ ಗೊತ್ತಾಗುತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಹಿಂದಿನ ಮನೆಯ ಸುರಯ್ಯಾ ಅವಳ ಮಹಡಿಯಿಂದ ಬಗ್ಗಿ, "ಅಕ್ಕಾ, ಕೆಂಚನ್ನ ನೋಡಿದ್ರಾ? ಬೆಂಗಳೂರಿನ ನಾಯಿಗಳೆಲ್ಲ ಒಣಗಿಹೋಗಿವೆ, ಇವನೊಬ್ಬ ಮದುವೆ ಮನೆ ಭಟ್ಟನ ಥರ ಆಗಿದ್ದಾನೆ" ಅಂದಳು.

ನೋಡಿದೆ. ನಿಜ. ಹೊಟ್ಟೆ ಉರುಟಾಗಿ, ಮೈ ಮಿರಮಿರ ಮಿಂಚುತ್ತಿತ್ತು.

"ನಿಮ್ಮ ಹರಕೆ ಮುಗಿಯೋದ್ರೊಳಗೆ ಅವನಿಗೆ ನಡೆಯೋಕೂ ಆಗಲ್ಲ ಬಿಡಿ" ಅಂತ ನಕ್ಕಳು.

"ಯಾವ ಹರಕೆ?"

"ಅದೇ ಅಕ್ಕಾ, ಬೃಂದಾ ದಿನಾ ಮೇಲಿಂದ ಊಟ ಹಾಕ್ತಾಳಲ್ಲ ಅವನಿಗೆ. ಮುದ್ದೆ, ಸಾರು, ಎಲ್ಲ. ನಿಮ್ಮಲ್ಲಿ ನಾಯಿಗೆ ಹಾಕೋ ಹರಕೆ ಏನೋ ಇರುತ್ತೆ ಅಂದ್ಕೊಂಡೆ. ದೇವರ ವಿಷಯ, ಕೇಳೋದ್ಯಾಕೆ ಅಂತ ಸುಮ್ನಿದ್ದೆ."

"ಹೋಳಿಗೆ?" ಅಂದೆ. ಅದ್ಯಾಕೆ ಅದನ್ನೇ ಕೇಳಿದೆನೋ.

ಅವಳಿಗೆ ಆಗ ತಿಳಿಯಿತು ಅನ್ನಿಸುತ್ತದೆ. ನಗು ನಿಂತಿತು. "ಅವತ್ತು ಎರಡೂ ಅಕ್ಕಾ" ಅಂದಳು ಮೆಲ್ಲಗೆ.

ಮೊದಲು ಬಂದದ್ದು ಸಿಟ್ಟೇ. ನಾನು ಕೈ ಸುಟ್ಟುಕೊಂಡು ತಿರುವಿದ ಮುದ್ದೆ ಬೀದಿ ನಾಯಿಗೆ. ಮಧ್ಯಾಹ್ನದ ತಟ್ಟೆ ಇಟ್ಟು, ಕೆಳಗೆ ಬರದೆ, ತಿರುವಿನ ಗೋಡೆಗೆ ಒರಗಿ ನಿಂತೆ. ಬೃಂದಾ ಬಂದಳು. ತಟ್ಟೆ ಎತ್ತಿಕೊಂಡಳು. ಮುಖ ಆ ಕಡೆ ತಿರುಗಿಸಿ, ಮೂಗಿಗೆ ಸೆರಗು ಹಿಡಿದು, ಸತ್ತದ್ದೇನನ್ನೋ ಹೊತ್ತ ಹಾಗೆ ಹೊತ್ತುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ನಲ್ಲಿಯ ಸದ್ದು. ತಟ್ಟೆ ಉಜ್ಜುವ ಸದ್ದು. ತುಂಬಾ ಹೊತ್ತು ಉಜ್ಜುತ್ತಲೇ ಇದ್ದಳು.

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೆಳಗೆ ಬಂದು ಅಡುಗೆಮನೆಯಲ್ಲಿ ಕೂತೆ.

ಮೇ 22, ಶನಿವಾರ

ಇವತ್ತು ಅವಳಿಗೆ ವಾರದ ರಜೆ. ಎರಡು ತಟ್ಟೆ ಬಡಿಸಿಕೊಂಡು, ಮಾಸ್ಕು ಕಟ್ಟಿಕೊಂಡು, ಸ್ಟೂಲನ್ನು ದಾಟಿ ಮೇಲೆ ಹೋದೆ. ಒಂದನ್ನು ಅವಳ ಬಾಗಿಲ ಮುಂದಿಟ್ಟು, ಮೇಲಿನ ಮೆಟ್ಟಿಲಲ್ಲಿ ಕೂತು ಕೂಗಿದೆ. ಬಾಗಿಲು ತೆಗೆದಳು. ಮದುವೆಯಲ್ಲಿ ಸೋಪು ಹಚ್ಚಿ ಏರಿಸಿದ್ದ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಒಂದು ತಿಂಗಳಿಂದ ನಾನು ತಟ್ಟೆಯನ್ನೇ ನೋಡಿದ್ದೇನೆ.

"ಇಲ್ಲಿಗ್ಯಾಕೆ ಬಂದ್ರಿ ಅತ್ತೆ? ಕೆಳಗೆ ಹೋಗಿ."

"ಊಟ ಮಾಡು."

"ಆಮೇಲೆ ಮಾಡ್ತೀನಿ."

"ಕೆಂಚನಿಗೆ ಇವತ್ತು ಅಜೀರ್ಣ. ನನ್ನೆದುರಿಗೇ ಮಾಡು."

ಅವಳು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತಳು. ನನಗೂ ಅವಳಿಗೂ ನಡುವೆ ಬಿಸಿಲು ಬಿದ್ದ ಮಹಡಿ.

"ನಾನೂ ಬೆಳಿಗ್ಗೆಯಿಂದ ತಿಂದಿಲ್ಲ. ನೀನು ತಿಂದ್ರೆ ನಾನು ತಿಂತೀನಿ" ಅಂದೆ.

"ಶುಗರ್ ಮಾತ್ರೆ?"

"ಅದನ್ನ ತಗೊಂಡೆ."

"ತಿನ್ನದೆ ಮಾತ್ರೆ ತಗೊಂಡ್ರಾ? ಬುದ್ಧಿ ಇದೆಯಾ ನಿಮಗೆ? ತಲೆ ತಿರುಗಿ ಈ ಮೆಟ್ಟಿಲಿಂದ ಬಿದ್ರೆ ಹಿಡಿಯೋರ್ಯಾರು? ತಿನ್ನಿ ಮೊದಲು."

ಈ ಮನೆಗೆ ಬಂದ ಮೇಲೆ ಅವಳು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ವಾರ್ಡಿನಲ್ಲಿ ಹೀಗೇ ಗದರಿಸುತ್ತಾಳೋ ಏನೋ. ಒಳ್ಳೆ ಜೋರು ನರ್ಸಮ್ಮ. ನಾನು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಟ್ಟದೆ ಕೂತೆ. ಅವಳು ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಕೊನೆಗೆ ಮುದ್ದೆಯಿಂದ ಗೋಲಿಯಷ್ಟು ಮುರಿದು ಸಾರಿಗೆ ಅದ್ದಿ ನುಂಗಿದಳು. ಕಲ್ಲು ನುಂಗುವ ಹಾಗೆ ಕತ್ತಿನ ನರ ಉಬ್ಬಿತು. ಇನ್ನೊಂದು ನುಂಗಿದಳು. ಆಮೇಲೆ ಆಗಲಿಲ್ಲ. ನಾನು ತಿನ್ನತೊಡಗಿದೆ. ಮಾತು ಮಾತೇ.

ಆಗ ಹೇಳಿದಳು.

ವಾರ್ಡಿನಲ್ಲಿ ಹೊಸಕೋಟೆ ಕಡೆಯ ಒಬ್ಬ ಮುದುಕಿ ಇದ್ದಳಂತೆ. ಮನೆಯವರನ್ನು ಒಳಗೆ ಬಿಡುವುದಿಲ್ಲ. ಮುಖಕ್ಕೆ ಬಿಗಿಯಾಗಿ ಆಕ್ಸಿಜನ್ ಮಾಸ್ಕು. ಆಸ್ಪತ್ರೆಯ ಇಡ್ಲಿ, ಅನ್ನ ಮುಟ್ಟುತ್ತಿರಲಿಲ್ಲ. "ಒಂದು ಗುಟುಕು ಅಂಬ್ಲಿ ಕೊಡವ್ವ" ಅಂತ ಕೈ ಹಿಡಿದು ಕೇಳಿದ್ದಾಳೆ. ಬೃಂದಾ ಡಾಕ್ಟರನ್ನು ಕೇಳಿ, ನಮ್ಮ ಮನೆಯಿಂದ ಫ್ಲಾಸ್ಕಿನಲ್ಲಿ ಒಯ್ದಿದ್ದಾಳೆ. ಕುಡಿಸಬೇಕಾದರೆ ಮಾಸ್ಕು ಎತ್ತಬೇಕು. ಎತ್ತಿದರೆ ಆಕ್ಸಿಜನ್ ಇಳಿಯುತ್ತದೆ. ಒಂದು ಗುಟುಕು ಕುಡಿಸಿ, ಮಾಸ್ಕು ಹಾಕಿ, ಏರುವವರೆಗೂ ಕಾದು, ಮತ್ತೊಂದು ಗುಟುಕು. ದಿನಾ ಹಾಗೆ ಮಾಡಿದ್ದಾಳೆ. ಕೊನೆಯ ದಿನ ಮುದುಕಿ ಇನ್ನೊಂದು ಗುಟುಕು ಅಂದಳಂತೆ. ಇವಳು ಕೊಟ್ಟಳು. ಮಾಸ್ಕು ಹಾಕಿದಳು. ಅವತ್ತು ಏರಲಿಲ್ಲ.

"ಡಾಕ್ಟರು ಏನಂದ್ರು?"

"ಆಗೋದಿತ್ತು, ನಿನ್ನಿಂದ ಆಗಿದ್ದಲ್ಲ ಅಂದ್ರು."

"ಮತ್ತೆ?"

"ಅವರು ನೋಡಿಲ್ಲ ಅತ್ತೆ. ನಾನು ನೋಡ್ದೆ. ಬಾಯಲ್ಲಿ ಇನ್ನೂ ಅಂಬಲಿ ಇತ್ತು." ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. "ನಿಮ್ಮ ಥರಾನೇ ಇದ್ರು. ಮೂಗುಬೊಟ್ಟೂ ಹೀಗೇ. ನೀವು ತಟ್ಟೆ ಇಟ್ಟು ಹೋದಾಗೆಲ್ಲ ಗಂಟಲು ಮುಚ್ಚಿಕೊಳ್ಳುತ್ತೆ. ನೀವು ಎಲ್ಲರಿಗೂ ನನ್ನ ಬಗ್ಗೆ ಹೇಳ್ತೀರ. ಬೀದೀಲಿ ಚಪ್ಪಾಳೆ ತಟ್ಟಿಸ್ತೀರ. ನಾನು ಹೇಗೆ ಹೇಳಲಿ?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ. "ಅಂಬಲಿ ಹೇಗಿದೆ ಅಂದಳು ಆಕೆ?"

ಬೃಂದಾ ನನ್ನನ್ನೇ ನೋಡಿದಳು.

"ದಿನಾ ಕುಡಿದಳಲ್ಲ, ಏನೂ ಅನ್ನಲಿಲ್ವಾ?"

"ಅಂದ್ರು" ಅಂದಳು. "ಚೆನ್ನಾಗೈತೆ ಕಣವ್ವ, ಆದ್ರೆ ನಿಮ್ಮತ್ತೆ ಈರುಳ್ಳಿ ಹಾಕಿಲ್ವಲ್ಲ, ಜಿಪುಣಿ ಇರ್ಬೇಕು ಅಂದ್ರು."

"ಡ್ಯೂಟಿಗೆ ಒಯ್ಯೋ ಅಂಬಲಿಗೆ ಈರುಳ್ಳಿ ಯಾರಾದ್ರೂ ಹಾಕ್ತಾರಾ?" ಅಂದೆ. ನನಗೆ ನಿಜವಾಗಿಯೂ ರೇಗಿತ್ತು.

ಅವಳು ನಕ್ಕಳು. ನಗು ಹಾಗೇ ಅಳುವಾಯಿತು. ತಟ್ಟೆ ಮುಂದೆ ಅಳಬಾರದು ಅನ್ನುವುದು ನಮ್ಮ ಮನೆಯ ಮಾತು. ಅದು ನನಗೆ ಈಗ ಬರೆಯುವಾಗ ನೆನಪಾಗುತ್ತಿದೆ.

"ಸಾಯೋ ಮುಂಚೆ ನಿನ್ನತ್ತೆಯನ್ನ ಆಡಿಕೊಂಡು, ಬಯಸಿದ್ದನ್ನ ಕುಡಿದು ಹೋದಳು. ಅಷ್ಟು ಪುಣ್ಯ ಎಲ್ಲರಿಗೂ ಇಲ್ಲ" ಅಂದೆ. ಕೇಳಿಸಿತೋ ಇಲ್ಲವೋ. ಅವಳು ಅಳುವುದು ಮುಗಿಯುವವರೆಗೂ ಬಿಸಿಲಲ್ಲೇ ಕೂತಿದ್ದೆ. ತಟ್ಟೆಗಳನ್ನು ನಾನೇ ತಂದೆ.

ಮೇ 24, ಸೋಮವಾರ

ಅವಳ ವಾರ್ಡಿನ ದೊಡ್ಡ ಸಿಸ್ಟರ್ ಫೋನ್ ಮಾಡಿದ್ದರಂತೆ. ಆಸ್ಪತ್ರೆಯವರು ನರ್ಸುಗಳಿಗಾಗಿಯೇ ಒಬ್ಬ ಮನಸ್ಸಿನ ಡಾಕ್ಟರಮ್ಮನನ್ನು ಇಟ್ಟಿದ್ದಾರೆ, ಹೋಗಿ ಮಾತಾಡು ಅಂದರಂತೆ. ಮುತ್ತುರಾಜ ತಲೆ ತಗ್ಗಿಸಿ ಹೇಳಿದ.

"ನಮ್ಮ ವಂಶದಲ್ಲಿ ಹುಚ್ಚಿಗೆ ಔಷಧಿ ತಗೊಂಡೋರಿಲ್ಲ" ಅಂದೆ.

ಮೆಟ್ಟಿಲ ತಿರುವಿನಲ್ಲಿ ಬೃಂದಾ ನಿಂತಿದ್ದಳು. "ನೀವು ಬೇಡ ಅಂದ್ರೆ ಹೋಗಲ್ಲ ಅತ್ತೆ" ಅಂದಳು. ಅಷ್ಟೇ. ಹಾಗನ್ನದೆ ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ತುತ್ತು ತಿಂದಳು.

ಮೇ 26, ಬುಧವಾರ

ನಿದ್ದೆ ಇಲ್ಲ. ಸುರಯ್ಯಾ ಹಿತ್ತಲ ಗೋಡೆಯ ಬಳಿ ಬಂದಳು. ಅವಳಿಗೆ ಹೇಗೆ ಗೊತ್ತಾಯಿತೋ.

"ಅಕ್ಕಾ, ನೀವು ಶುಗರ್‌ಗೆ ತಿಂಗಳಿಗೊಂದ್ಸಲ ಹೋಗ್ತೀರಲ್ಲ. ಆವಾಗ ವಂಶದೋರನ್ನ ಕೇಳಿದ್ರಾ?"

ಅವಳಿಗೆ ಬಾಯಿ ಜಾಸ್ತಿ. ಒಳಗೆ ಬಂದೆ.

ಇವತ್ತು ಒಂದೇ ತುತ್ತು.

ಜೂನ್ 3, ಗುರುವಾರ

ಸುರಯ್ಯಾಳ ಗಂಡ ರಹೀಂ ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು. ಪೊಲೀಸಿನವನು ತಡೆದಾಗ ಬೃಂದಾ ತನ್ನ ಕಾರ್ಡು ತೋರಿಸಿದಳು. ಅವನು ನನ್ನ ಕಡೆ ನೋಡಿ, "ಇವರು?" ಅಂದ. "ನಾನು ಅವಳ ಜೊತೆಯವಳು" ಅಂದೆ. ಬಿಟ್ಟ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೂದಲು ಗಂಡು ಹುಡುಗರ ಥರ ಕತ್ತರಿಸಿಕೊಂಡಿದ್ದಾಳೆ. ಇವಳೇನು ಹೇಳಿಯಾಳು ಅಂದುಕೊಂಡೆ. ಹೊರಗಿನ ಬೆಂಚಿನಲ್ಲಿ ಇನ್ನೂ ನರ್ಸುಗಳು ಕೂತಿದ್ದರು. ಒಬ್ಬಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಬೃಂದಾಳ ಕೈಗಳಂಥವೇ. ನನ್ನ ಚೀಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. "ಹಚ್ಕೊಳಮ್ಮ" ಅಂತ ಕೊಟ್ಟೆ. ಬಾಟಲಿ ಬೆಂಚಿನ ಕೊನೆಯವರೆಗೂ ಹೋಗಿ ಖಾಲಿಯಾಗಿ ಬಂತು.

ಬೃಂದಾ ಹೊರಗೆ ಬಂದಾಗ ಕಣ್ಣು ಊದಿತ್ತು. ಏನು ಕೇಳಿದರು ಅಂತ ನಾನು ಕೇಳಲಿಲ್ಲ. "ಮುಂದಿನ ಗುರುವಾರ ಮತ್ತೆ ಬರಬೇಕಂತೆ" ಅಂದಳು.

"ಬರೋಣ."

ಜೂನ್ 13, ಭಾನುವಾರ

ಅವಳನ್ನು ಕೆಲವು ದಿನ ಲಸಿಕೆ ಹಾಕುವ ಕಡೆಗೆ ಹಾಕಿದ್ದಾರೆ. ಮೇಲಿನ ರೂಮು ಬಿಟ್ಟು ಕೆಳಗೆ ಬಂದಿದ್ದಾಳೆ. ವಾರ್ಡು ಬಿಟ್ಟು ಬಂದಳು ಅಂತ ಜನ ಅಂದಾರು ಅನ್ನುವ ಯೋಚನೆ ನನಗೆ ಬರಲಿಲ್ಲವೆಂದಲ್ಲ. ಬಂತು, ಹೋಯಿತು.

ಇವತ್ತು ಬಡಿಸಲು ಹೋದಾಗ ಕೈ ಅಡ್ಡ ಇಟ್ಟು, "ಇವತ್ತು ಆಗಲ್ಲ ಅತ್ತೆ" ಅಂದಳು. ತಟ್ಟೆ ಎತ್ತಿ ಒಳಗಿಟ್ಟೆ. ಹೇಳಿದಳಲ್ಲ, ಅದು ಮುಖ್ಯ. ಕೆಂಚ ಸಂದಿಯಲ್ಲಿ ನಿಂತು ಮಹಡಿಯನ್ನು ನೋಡಿ ಬೊಗಳುತ್ತಾನೆ. ನಾನೇ ಅವನಿಗೆ ಒಂದು ಮುದ್ದೆ ಹಾಕಿದೆ. ಸ್ವಲ್ಪ ಇಳಿದಿದ್ದಾನೆ.

ಜುಲೈ 8, ಗುರುವಾರ

ಲಾಕ್‌ಡೌನ್ ತೆಗೆದರು ಅಂತ ಆದಿನಾರಾಯಣ ಮನೆಗೇ ಬಂದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ದನಿ ತಗ್ಗಿಸಿದ.

"ಅತ್ತಿಗೆ, ಬೃಂದಾನ ತಲೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೀರಂತೆ. ಜನ ಮಾತಾಡ್ತಾರೆ. ಗುಟ್ಟಾಗಿಟ್ಕೊಳ್ಳಿ."

"ಯಾಕೆ ಗುಟ್ಟು? ಪ್ರತಿ ಗುರುವಾರ ಹೋಗ್ತೀವಿ. ಇವತ್ತೂ ಹೋಗಿ ಬಂದ್ವಿ. ಈ ಬೀದಿಗೆ ನಾನೇ ಹೇಳಿದ್ದೀನಿ" ಅಂದೆ. "ಸಾವಿನ ಮನೇಲಿ ದಿನಾ ನಿಂತು ಬಂದವಳು. ಕಾಲು ನೋಯುತ್ತೆ ಅಂದ್ರೆ ನೀನು ಕಾಲು ಡಾಕ್ಟರ ಹತ್ರ ಓಡ್ತೀಯ. ಅವಳು ನೋಯ್ತಿರೋ ಜಾಗಕ್ಕೆ ಡಾಕ್ಟರನ್ನ ಹುಡುಕಿಕೊಂಡು ತಾನೇ ನಡೆದು ಹೋದಳು. ನಿನ್ನ ಮನೇಲಿ ಯಾರಿಗಿದೆ ಅಷ್ಟು ಗುಂಡಿಗೆ? ಇದ್ರೆ ಹೇಳು, ರಹೀಂ ಆಟೋದಲ್ಲಿ ಇನ್ನೊಬ್ಬರಿಗೆ ಜಾಗ ಇದೆ."

ಅವನು ಎದ್ದು ಚಪ್ಪಲಿ ಹುಡುಕಿದ.

ಅಡುಗೆಮನೆಗೆ ಹೋದರೆ ಬೃಂದಾ ಒಲೆಯ ಪಕ್ಕ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ. ಕಪಾಟಿನ ಮೇಲಿಂದ ಫ್ಲಾಸ್ಕನ್ನು ಇಳಿಸಿ, ಧೂಳು ಒರೆಸಿ, ಮುಚ್ಚಳ ತಿರುಗಿಸುತ್ತಾ, "ಸೋಮವಾರದಿಂದ ವಾರ್ಡಿಗೆ ವಾಪಸ್ ಹೋಗ್ಲಾ ಅಂತ ಡಾಕ್ಟರನ್ನ ಕೇಳ್ದೆ. ಹೋಗಬಹುದು, ಆಗದಿದ್ರೆ ಆಗಲ್ಲ ಅಂತ ಹೇಳು ಅಂದ್ರು" ಅಂದಳು. ಫ್ಲಾಸ್ಕನ್ನು ನನ್ನ ಮುಂದಿಟ್ಟು, "ಅಂಬಲಿ ಮಾಡ್ತೀರಾ ಅತ್ತೆ?" ಅಂದಳು.

ಮೇ ತಿಂಗಳಿಂದ ಈ ಮನೆಯಲ್ಲಿ ಅಂಬಲಿ ಕಾಯಿಸಿರಲಿಲ್ಲ. ಕಾಯಿಸಿದೆ. ಆರಿಸಿ, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿದೆ. ಆಮೇಲೆ ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿದೆ. ಜಿಪುಣಿಯಂತೆ ನಾನು.

ಬೃಂದಾ ಲೋಟದೊಳಗೆ ನೋಡಿದಳು. ನನ್ನ ಮುಖ ನೋಡಿದಳು. ಹೊಸ್ತಿಲ ಮೇಲೆ ಕೂತು, ಒಂದು ಗುಟುಕು ಕುಡಿದು ಕಾದಳು. ಮತ್ತೊಂದು ಗುಟುಕು ಕುಡಿದು ಕಾದಳು. ನಾನು ಬೇಕೆಂದೇ ಬೆನ್ನು ತಿರುಗಿಸಿ ಸೊಪ್ಪು ಬಿಡಿಸುತ್ತಿದ್ದೆ.

ಅವಳು ಎದ್ದು ಹೋದ ಮೇಲೆ ಲೋಟ ನೋಡಿದೆ. ತೊಳೆದಿರಲಿಲ್ಲ. ತಳದಲ್ಲಿ ಒಂದು ಗುಟುಕು ಬಿಟ್ಟಿದ್ದಳು.

ಇರಲಿ. ನನ್ನ ಸೊಸೆ ಬಿಟ್ಟದ್ದು.